ಆ ನೀರಲ್ಲಿ ವುಳೂ ಆಗ್ತದಾ ಉಸ್ತಾದ್?

ಮದ್ರಸದ ಐದನೇ ತರಗತಿಯಲ್ಲಿ ಫಿಕ್ಹ್ ಪಾಠ ನಡೆಯುತ್ತಿತ್ತು. ನೀರಿನ ಅಧ್ಯಾಯ. ನೀರು ಎರಡು ಖುಲ್ಲತ್‌ಗಿಂತ ಕಡಿಮೆ ಇದ್ದರೆ ನಜಸ್ ಬಿದ್ದ ಕೂಡಲೇ ಅಶುದ್ಧ. ಎರಡು ಖುಲ್ಲತ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಆ ನಜಸಿನಿಂದ ಬಣ್ಣ, ರುಚಿ, ವಾಸನೆಗಳಲ್ಲಿ ಒಂದಾದರೂ ಬದಲಾದರೆ ಮಾತ್ರ ಅಶುದ್ಧ. ಎರಡು ಖುಲ್ಲತ್ ಅಂದರೆ ಈಗಿನ ಲೆಕ್ಕದಲ್ಲಿ ಹೆಚ್ಚು ಕಡಿಮೆ 190ರಿಂದ 200 ಲೀಟರ್. ಶಾಫಿ ಮದ್‌ಹಬಿನ ಈ ಮಸ್‌ಅಲ ನಮ್ಮಲ್ಲಿ ಮದ್ರಸಕ್ಕೆ ಹೋದ ಎಲ್ಲರೂ ಬಾಯಿಪಾಠ ಮಾಡಿದ್ದೇ. ಹೊಳೆ ಬದಿಯ ಮನೆಯ ಹುಡುಗನೊಬ್ಬ ಎದ್ದು ನಿಂತ.

"ಉಸ್ತಾದ್, ನಮ್ಮ ಕಡವಿನ ಹತ್ರ ನೀರು ನಾರ್ತದೆ. ಅದರಲ್ಲಿ ವುಳೂ ಆಗ್ತದಾ?"

ಮಕ್ಕಳು ನಕ್ಕರು. ಹರಿಯುವ ಹೊಳೆ ಅಲ್ವಾ, ಆಗ್ತದೆ, ಕೂತ್ಕೊ ಅಂದೆ. ಹಾಗೆ ಹೇಳಿದ್ದು ಸರಿ ಇರಲಿಲ್ಲ. ನೀರು ನೋಡದೆ ಫತ್ವಾ ಕೊಟ್ಟ ಹಾಗಾಯಿತು. ಅಸರ್ ಕಳೆದು ಕಡವಿಗೆ ಹೋದೆ.

ಬೇಸಿಗೆಯ ಸಮಯ, ನೀರು ಇಳಿದಿತ್ತು. ದಡದ ಬೇರುಗಳಲ್ಲಿ ಮಕ್ಕಳ ಪ್ಯಾಡುಗಳ ಕಟ್ಟು ಸಿಕ್ಕಿಹಾಕಿಕೊಂಡಿತ್ತು. ಗೋಣಿಯಲ್ಲಿ ಕೋಳಿಯ ಕರುಳು, ಪುಕ್ಕ. ಆಚೆ ಬದಿಯಲ್ಲಿ ಬಿರಿಯಾನಿ ತಿಂದ ಕಾಗದದ ತಟ್ಟೆಗಳು, ನೀರಿನ ಸಣ್ಣ ಬಾಟಲಿಗಳು, ಮೂರು ನಾಲ್ಕು ದೊಡ್ಡ ಚೀಲಗಳಲ್ಲಿ. ಹಿಂದಿನ ಭಾನುವಾರ ನಡೆದ ಮದುವೆಯದ್ದು ಎಂದು ದೋಣಿಯವರು ಹೇಳಿದರು. ಆ ನಿಕಾಹಿಗೆ ದುಆ ಮಾಡಿದವ ನಾನೇ.

ನೇತ್ರಾವತಿಯ ವಿಷಯ ಬಂದರೆ ನಾವು ಎತ್ತಿನಹೊಳೆಯಿಂದ ಶುರು ಮಾಡುತ್ತೇವೆ. ತಪ್ಪಲ್ಲ. ಆ ಯೋಜನೆಯ ವಿರುದ್ಧ ಜಿಲ್ಲೆಯಲ್ಲಿ ಎಲ್ಲ ಸಮುದಾಯದವರೂ ಬೀದಿಗಿಳಿದಿದ್ದರು, ನಮ್ಮ ಹುಡುಗರೂ ಇದ್ದರು. ಕೊನೆಗೆ 2024ರಲ್ಲಿ ಮೊದಲ ಹಂತ ಉದ್ಘಾಟನೆಯೂ ಆಯಿತು. ಫಲ್ಗುಣಿ ಬದಿಯವರು ಮರವೂರಿನಲ್ಲಿ ನೀರು ಕಪ್ಪಾಗಿ ಮೀನು ಸತ್ತು ತೇಲಿದ್ದನ್ನು ಕಣ್ಣಾರೆ ಕಂಡವರು. 2019ರ ಮೇ ತಿಂಗಳಲ್ಲಿ ತುಂಬೆಯಲ್ಲಿ ನೀರು ಇಳಿದು ಮಂಗಳೂರಿಗೆ ಸರದಿಯಲ್ಲಿ ನೀರು ಬಿಟ್ಟದ್ದು ಪೇಟೆಯ ಉಮ್ಮಂದಿರಿಗೆ ಇನ್ನೂ ನೆನಪುಂಟು. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಕೂಡಿಕೊಂಡು ಬಂಟ್ವಾಳ, ಪಾಣೆಮಂಗಳೂರು, ತುಂಬೆ, ಅಡ್ಯಾರ್ ದಾಟಿ ಉಳ್ಳಾಲದ ಹತ್ತಿರ ಸಮುದ್ರ ಸೇರುವ ಈ ಹೊಳೆಯ ಎರಡೂ ದಡದಲ್ಲಿ ನಮ್ಮ ಮನೆಗಳು, ಮಸೀದಿಗಳು ಸಾಲಾಗಿ ಉಂಟು. ದೋಣಿ, ಹೊಯಿಗೆ, ಮೀನು, ಮರುವಾಯಿ ಎಂದು ಎಷ್ಟೋ ಮನೆಯ ಗಂಜಿ ಇದೇ ಹೊಳೆಯಿಂದ ಬಂದದ್ದು. ಸರಕಾರದ್ದೂ ಕಾರ್ಖಾನೆಯದ್ದೂ ತಪ್ಪು ಹೇಳುವಾಗ ನಮ್ಮ ಚೀಲದ ವಿಷಯ ಮಾತ್ರ ಬಿಟ್ಟುಬಿಡುತ್ತೇವೆ.

ಕೇರಳದಲ್ಲಿ ದರ್ಸ್ ಓದಿದವರಿಗೆ ವಾಳಕ್ಕಾಡ್ ಹೆಸರು ಗೊತ್ತಿರುತ್ತದೆ. ಚಾಲಿಲಕತ್ ಕುಂಞಹಮ್ಮದ್ ಹಾಜಿಯವರು ಪಾಠದ ಕ್ರಮವನ್ನೇ ಬದಲಿಸಿದ ದಾರುಲ್ ಉಲೂಂ ಇರುವ ಊರು. ಮಲಪ್ಪುರಂ ಜಿಲ್ಲೆ, ಚಾಲಿಯಾರ್ ಹೊಳೆಯ ದಡ. ಆದರೆ ಆ ಊರು ಇನ್ನೊಂದು ಕಾರಣಕ್ಕೂ ಹೆಸರಾಗಿದೆ. ನಮ್ಮ ಮಕ್ಕಳಿಗೆ ಅದನ್ನು ಯಾರೂ ಹೇಳುವುದಿಲ್ಲ.

ವಾಳಕ್ಕಾಡಿನ ಎದುರು ದಡ ಮಾವೂರು. ಅಲ್ಲಿ 1963ರಲ್ಲಿ ಬಿರ್ಲಾದವರ ಗ್ವಾಲಿಯರ್ ರೇಯಾನ್ಸ್ ಕಾರ್ಖಾನೆ ಕೆಲಸ ಶುರು ಮಾಡಿತು. ಬಿದಿರಿನಿಂದ ತಿರುಳು ತೆಗೆದು ಬಟ್ಟೆಯ ನೂಲಿಗೆ ಬೇಕಾದ ಕಚ್ಚಾವಸ್ತು ಮಾಡುವುದು. ಸರಕಾರ ಬಿದಿರನ್ನು ಟನ್ನಿಗೆ ಒಂದು ರೂಪಾಯಿಯ ಲೆಕ್ಕದಲ್ಲಿ ಕೊಟ್ಟಿತ್ತು. ಹೊಳೆಯಿಂದ ನೀರು ಎತ್ತುವುದು, ರಾಸಾಯನಿಕ ಬೆರೆತ ನೀರನ್ನು ಅದೇ ಹೊಳೆಗೆ ಬಿಡುವುದು. ಮೀನು ಸತ್ತವು, ಮೈ ತುರಿಕೆ ಶುರುವಾಯಿತು, ಹೊಳೆ ನೀರು ಯಾರಿಗೂ ಬೇಡವಾಯಿತು. ಜನ ಆರಂಭದಿಂದಲೇ ಬೊಬ್ಬೆ ಹಾಕಿದರು. ಒಪ್ಪಂದಗಳಾದವು, ಹೊಳೆಯ ಬಣ್ಣ ಮಾತ್ರ ಬದಲಾಗಲಿಲ್ಲ.

ಆಗ ಮುಂದೆ ನಿಂತವರು ಕೆ.ಎ. ರಹ್ಮಾನ್. ವಾಳಕ್ಕಾಡ್ ಪಂಚಾಯತಿನ ಅಧ್ಯಕ್ಷರಾಗಿದ್ದವರು. ಇವರ ಹೋರಾಟದಲ್ಲಿ ನನಗೆ ಹಿಡಿಸಿದ್ದು ಭಾಷಣವಲ್ಲ, ಲೆಕ್ಕ. ಹೊಳೆ ಬದಿಯಲ್ಲಿ ಕ್ಯಾನ್ಸರ್‌ನಿಂದ ಎಷ್ಟು ಮಂದಿ ಸತ್ತರು ಎಂದು ಮನೆ ಮನೆಗೆ ಹೋಗಿ ಬರೆಸಿದರು. ಆ ಕಾಗದವನ್ನು ಮುಂದಿಟ್ಟು ಮಾತಾಡಿದರು.

ಸುಲಭ ಇರಲಿಲ್ಲ. ಆ ಕಾರ್ಖಾನೆಯಲ್ಲಿ ಸುಮಾರು ಮೂರು ಸಾವಿರ ಮಂದಿಗೆ ಕೆಲಸ. 1985ರಲ್ಲಿ ಕಾರ್ಮಿಕರ ವಿವಾದದಿಂದ ಬಾಗಿಲು ಹಾಕಿದಾಗ ಕೆಲಸವಿಲ್ಲದೆ ಕೆಲವರು ಆತ್ಮಹತ್ಯೆಯನ್ನೂ ಮಾಡಿಕೊಂಡಿದ್ದರು. ಹಾಗಿರುವಾಗ ಕಾರ್ಖಾನೆ ಬೇಡ ಎನ್ನುವವನನ್ನು ಊರು ಹೇಗೆ ನೋಡೀತು? ನೆರೆಮನೆಯವನ ಅನ್ನಕ್ಕೆ ಕೈಹಾಕಿದ ಎಂದೇ ಅಲ್ಲವೇ? ಅದನ್ನೂ ತಾಳಿಕೊಂಡು ನಿಂತರು. ಕೊನೆಗೆ ಅವರಿಗೂ ಕ್ಯಾನ್ಸರೇ ಬಂತು. 1999ರ ಜನವರಿಯಲ್ಲಿ ತೀರಿಕೊಂಡರು. ಹೋರಾಟ ನಿಲ್ಲಲಿಲ್ಲ, ಆ ವರ್ಷವೇ ಉತ್ಪಾದನೆ ನಿಂತಿತು. 2001ರಲ್ಲಿ ಕಾರ್ಖಾನೆ ಪೂರ್ತಿ ಮುಚ್ಚಿತು. ಅಲ್ಲಾಹು ಅವರ ಖಬರನ್ನು ವಿಶಾಲ ಮಾಡಲಿ.

ಮರುದಿನ ತರಗತಿಯಲ್ಲಿ ಪುಸ್ತಕ ಬದಿಗಿಟ್ಟೆ. ನನ್ನ ನಿನ್ನೆಯ ಉತ್ತರ ತಪ್ಪು ಎಂದು ಮೊದಲು ಹೇಳಿದೆ. ನಜಸಿನಿಂದ ವಾಸನೆ ಬದಲಾಗಿದ್ದರೆ ಆ ಜಾಗದ ನೀರಿನಲ್ಲಿ ವುಳೂ ಆಗುವುದಿಲ್ಲ, ಹೊಳೆ ಎಷ್ಟು ದೊಡ್ಡದಿದ್ದರೂ. ನೀರಿನ ದಾರಿಯಲ್ಲಿ, ಜನ ನಡೆಯುವಲ್ಲಿ, ನೆರಳಿನಲ್ಲಿ ಮಲವಿಸರ್ಜನೆ ಮಾಡುವುದು ಶಾಪ ತರುವ ಕೆಲಸವೆಂದು ರಸೂಲ್ (ಸ.ಅ.) ಎಚ್ಚರಿಸಿದ್ದಾರೆ. ಪ್ಯಾಡಿನೊಳಗೆ ಇರುವುದು ಏನು ಎಂದು ಕೇಳಿದೆ. ಈ ಸಲ ಯಾರೂ ನಗಲಿಲ್ಲ.

ಮತ್ತೆ ನಳ್ಳಿಯ ಕೆಳಗೆ ಬಕೆಟ್ ಇಟ್ಟು ಒಬ್ಬನಿಂದ ವುಳೂ ಮಾಡಿಸಿದೆ. ಐದು ಲೀಟರ್ ದಾಟಿತು. ರಸೂಲರು (ಸ.ಅ.) ವುಳೂ ಮಾಡುತ್ತಿದ್ದದ್ದು ಒಂದು ಮುದ್ದ್ ನೀರಿನಲ್ಲಿ, ಹೆಚ್ಚು ಕಡಿಮೆ 800 ಮಿಲಿ ಲೀಟರ್. ಮಕ್ಕಳಿಗಿಂತ ಹೆಚ್ಚು ನಾಚಿಕೆ ಆದದ್ದು ನನಗೆ. ಹೌಳ್ ತೆಗೆದು ನಳ್ಳಿ ಹಾಕಿಸುವಾಗ ಮುಂದೆ ಓಡಾಡಿದವರಲ್ಲಿ ನಾನೂ ಒಬ್ಬ.

ಜಮಾಅತ್ ಕಮಿಟಿಯಲ್ಲಿ ವಿಷಯ ಎತ್ತಿದೆ. "ಉಸ್ತಾದ್, ನೀವು ಮಕ್ಕಳಿಗೆ ಓದಿಸಿ, ಹೊಳೆಯನ್ನು ಪಂಚಾಯತಿನವರು ನೋಡಿಕೊಳ್ತಾರೆ" ಎಂದರು ಒಬ್ಬ ಹಾಜಿಯವರು. ಸಿಟ್ಟಿನಿಂದ ಹೇಳಿದ್ದಲ್ಲ, ಅವರಿಗೆ ಹಾಗೇ ಅನಿಸಿತ್ತು. ಯುವಕರು ಬಿಡಲಿಲ್ಲ. ನಿಕಾಹ್ ಪತ್ರ ಬರೆಸಲು ಬಂದಾಗ ಕಸ ಯಾರು ಒಯ್ಯುತ್ತಾರೆ ಎಂದು ಕೇಳಿ ಬರೆದಿಡಬೇಕು ಎಂದಾಯಿತು. ಕೋಳಿ ಅಂಗಡಿಯವರು ಮೂವರು ಸೇರಿ ತ್ಯಾಜ್ಯ ಒಯ್ಯುವ ಗಾಡಿ ಗೊತ್ತು ಮಾಡಿಕೊಂಡರು, ನಾಲ್ಕನೆಯವರು ಇನ್ನೂ ಒಪ್ಪಿಲ್ಲ. ಎರಡು ಭಾನುವಾರ ದೋಣಿಯವರ ಜೊತೆ ಹುಡುಗರು ಇಳಿದು ದಡದ ಚೀಲ ಎತ್ತಿದರು. ದೇವಸ್ಥಾನದ ಬದಿಯ ಹುಡುಗರೂ ಕೇಳದೆಯೇ ಬಂದರು. ಹೊಳೆಗೆ ಎರಡು ದಡ ಇರುವುದರಿಂದ ಇದು ಒಂದೇ ಜಮಾಅತಿನಿಂದ ಆಗುವ ಕೆಲಸ ಅಲ್ಲ ಎಂದು ಅವರೇ ತೋರಿಸಿಕೊಟ್ಟರು.

ಸಿಕ್ಕಿಬಿದ್ದದ್ದು ಪ್ಯಾಡಿನ ವಿಷಯದಲ್ಲಿ. ಹೆಂಗಸರ ತರಗತಿಯಲ್ಲಿ ಮಾತು ತೆಗೆದಾಗ ಒಬ್ಬ ಉಮ್ಮ ಪರದೆಯ ಆಚೆಯಿಂದ ಕೇಳಿದರು, "ಹೊಳೆಗೆ ಹಾಕಬೇಡಿ ಅಂತೀರಿ. ಸುಟ್ಟರೆ ಮಗುವಿನ ಮೈ ಉರಿ ಏಳ್ತದೆ ಅಂತ ಅತ್ತೆ ಬಿಡುವುದಿಲ್ಲ. ಹೂಳುವ ಅಂದ್ರೆ ಐದು ಸೆಂಟ್ಸಿನಲ್ಲಿ ಜಾಗ ಎಲ್ಲಿ? ಪಂಚಾಯತ್ ಗಾಡಿಯವರು ಮುಟ್ಟುವುದಿಲ್ಲ. ನಾವೇನು ಮಾಡ್ಬೇಕು ಉಸ್ತಾದ್?"

ಸುಟ್ಟರೆ ಮಗುವಿಗೆ ತಾಗುತ್ತದೆ ಎಂಬುದಕ್ಕೆ ದೀನಿನಲ್ಲಿ ಆಧಾರ ಇಲ್ಲ, ಅಷ್ಟು ಹೇಳಿದೆ. ಪ್ಲಾಸ್ಟಿಕ್ ಅಂಗಳದಲ್ಲಿ ಸುಟ್ಟರೆ ಹೊಗೆ ವಿಷ ಎಂಬುದೂ ನಿಜ, ಹಾಗಾಗಿ ಸುಡಿ ಎಂದೂ ಹೇಳಲಾಗಲಿಲ್ಲ. ಹಗಲಿಗೆ ಹಳೆ ಕಾಲದ ಬಟ್ಟೆ ಕಟ್ಟಿ, ದೂರ ಹೋಗುವಾಗ ಮಾತ್ರ ಪ್ಯಾಡ್ ಎಂದೆ. ಒಗೆಯುವವರು ಯಾರು ಎಂದು ಯಾರೋ ಮೆಲ್ಲಗೆ ಕೇಳಿದ್ದು ನನಗೂ ಕೇಳಿಸಿತು.

ಪ್ಯಾಡನ್ನು ಬೇರೆ ಚೀಲದಲ್ಲಿ ಕಟ್ಟಿ ಕೊಟ್ಟರೆ ಒಯ್ಯಬೇಕು ಎಂದು ಪಂಚಾಯತಿಗೆ ಮನವಿ ಬರೆದಿದ್ದೇವೆ. ಹೊಳೆ ಬದಿಯ ಎಷ್ಟು ಮನೆಗಳಲ್ಲಿ ಎರಡು ವರ್ಷದೊಳಗಿನ ಮಕ್ಕಳಿದ್ದಾರೆ ಎಂದು ಐದನೇ ತರಗತಿಯ ಮಕ್ಕಳೇ ಮನೆ ಮನೆಗೆ ಹೋಗಿ ಬರೆದು ತಂದರು. ಆ ಕಾಗದವನ್ನೂ ಮನವಿಗೆ ಸೇರಿಸಿದ್ದೇವೆ. ಮೊದಲು ಪ್ರಶ್ನೆ ಕೇಳಿದ ಹುಡುಗನ ಅಕ್ಷರ ಚಂದ ಇದ್ದ ಕಾರಣ ಬರೆಸಿದ್ದು ಅವನಿಂದಲೇ.