ಎಣಿಕೆಯ ಮಾತು

ಕನಕಪುರ ರಸ್ತೆಯ ಬದಿಯ ಕೋಣನಕುಂಟೆ ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿದ್ದ ಹಳ್ಳಿ. ಈಗ ಅದು ನಗರದಲ್ಲಿ ಬೆರೆತುಹೋಗಿದೆ. 2021ರಲ್ಲಿ ಮೆಟ್ರೊ ರೈಲೂ ಅಲ್ಲಿಗೆ ಬಂದಿತು. ಆದರೂ ಬೀದಿಬದಿಯ ವ್ಯಾಪಾರದಲ್ಲಿ ಹಳೆಯ ಎಣಿಕೆಯ ಮಾತುಗಳು ಉಳಿದುಕೊಂಡಿವೆ. ಕಟ್ಟಿದ ಮಲ್ಲಿಗೆಗೆ ಮೊಳ, ಮಾರು, ಸೊಪ್ಪಿಗೆ ಕಟ್ಟು, ಬಾಳೆಹಣ್ಣಿಗೆ ಚಿಪ್ಪು, ಗೊನೆ. ‘ಎರಡು ಮಲ್ಲಿಗೆ ಕೊಡಿ’ ಎಂದರೆ ಹೂವಾಡಗಿತ್ತಿಗೆ ಅರ್ಥವಾಗದು. ‘ಎರಡು ಮೊಳ’ ಎನ್ನಬೇಕು. ಇಂಥಲ್ಲಿ ಸಂಖ್ಯೆಯೊಂದೇ ಸಾಲದು, ಯಾವುದರಿಂದ ಎಣಿಸುವುದು ಎಂಬುದನ್ನೂ ಹೇಳಬೇಕು.

ಕನ್ನಡದಲ್ಲಿ ಕೆಲವು ವಸ್ತುಗಳಿಗೆ ಮಾತ್ರ ಬೇಕಾಗುವ ಈ ಕ್ರಮವು ದೂರದ ಕೊರಿಯಾ ದೇಶದ ಭಾಷೆಯಲ್ಲಿ ಸಾಮಾನ್ಯ ನಿಯಮವೇ ಆಗಿದೆ. ಅಲ್ಲಿ ಪುಸ್ತಕಗಳಿಗೆ ‘ಗ್ವೊನ್’, ಕಾಗದದಂತಹ ತೆಳು ಹಾಳೆಗಳಿಗೆ ‘ಜಾಂಗ್’, ಪ್ರಾಣಿಗಳಿಗೆ ‘ಮಾರಿ’, ಮರಗಳಿಗೆ ‘ಗುರು’, ವಾಹನಗಳಿಗೆ ‘ದೆ’ ಎಂಬ ಎಣಿಕೆಯ ಪದಗಳುಂಟು. ಮೊದಲು ವಸ್ತುವಿನ ಹೆಸರು, ಬಳಿಕ ಸಂಖ್ಯೆ, ಕೊನೆಯಲ್ಲಿ ಎಣಿಕೆಯ ಪದ ಬರುತ್ತದೆ. ‘ಎರಡು ಪುಸ್ತಕ’ ಎನ್ನಬೇಕಾದಲ್ಲಿ ಕೊರಿಯನ್ನರು ‘ಛೇಕ್ ದು ಗ್ವೊನ್’ ಎನ್ನುತ್ತಾರೆ. ಕನ್ನಡದ ‘ಹೂವು ಎರಡು ಮೊಳ’ ಎಂಬ ಮಾತಿನ ಕಟ್ಟೂ ಇದೇ. ಗೇಣಿಗೆ ಅವರಲ್ಲಿ ‘ಪ್ಯೊಮ್’ ಎಂಬ ಪದವಿದೆ. ಬಂಗುಡೆಯ ಜಾತಿಯ ಮೀನನ್ನು ‘ಸೊನ್’, ಎಂದರೆ ‘ಕೈ’, ಎಂಬ ಲೆಕ್ಕದಲ್ಲಿ ಮಾರುವ ಪದ್ಧತಿಯಿದೆ. ಒಂದು ಕೈ ಎಂದರೆ ಎರಡು ಮೀನು.

ಎಣಿಕೆಯ ಪದದ ಮುಂದೆ ಬಂದಾಗ ಕೊರಿಯನ್ ಸಂಖ್ಯೆಗಳು ಕುಗ್ಗುತ್ತವೆ. ‘ಹಾನಾ, ದುಲ್, ಸೆತ್, ನೆತ್’ ಎಂಬ ಒಂದು, ಎರಡು, ಮೂರು, ನಾಲ್ಕುಗಳು ‘ಹಾನ್, ದು, ಸೆ, ನೆ’ ಎಂದಾಗುತ್ತವೆ. ಇದು ಕಲಿಯುವ ಕನ್ನಡಿಗನಿಗೆ ವಿಚಿತ್ರವೆನಿಸಬೇಕಾಗಿಲ್ಲ. ಕನ್ನಡದಲ್ಲಿಯೂ ಎರಡು ‘ಇಮ್ಮಡಿ’ಯಲ್ಲಿ, ಮೂರು ‘ಮುಮ್ಮಡಿ’ಯಲ್ಲಿ, ನಾಲ್ಕು ‘ನಾಲ್ದೆಸೆ’ಯಲ್ಲಿ ಹೀಗೆಯೇ ಕುಗ್ಗಿವೆ. ಇಂತಹ ಹೋಲಿಕೆಗಳನ್ನು ಕಂಡು ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ವಿದ್ವಾಂಸನು 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳನ್ನು ಹೋಲಿಸಿ ಒಂದು ವ್ಯಾಕರಣವನ್ನೇ ಪ್ರಕಟಿಸಿದನು. ಆದರೆ ಅವು ಒಂದೇ ಮೂಲದವೆಂಬ ವಾದವನ್ನು ಇಂದಿನ ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಂಟಿಲ್ಲದ ಭಾಷೆಗಳೂ ಒಂದೇ ಬಗೆಯ ದಾರಿಯನ್ನು ಹಿಡಿಯಬಲ್ಲವು.

ಮನುಷ್ಯರನ್ನು ಎಣಿಸುವ ಬಗೆಯಲ್ಲಿ ಎರಡು ಭಾಷೆಗಳ ಮನೋಧರ್ಮವೂ ಸ್ಪಷ್ಟವಾಗಿ ಕಾಣುತ್ತದೆ. ಕೊರಿಯನ್ನಿನಲ್ಲಿ ವಿದ್ಯಾರ್ಥಿಗಳನ್ನು ‘ಮ್ಯೊಂಗ್’ ಎಂದು ಎಣಿಸಿದರೆ ಗುರುಗಳನ್ನು ‘ಬುನ್’ ಎಂದು ಗೌರವದಿಂದ ಎಣಿಸಬೇಕು. ಕನ್ನಡವು ಬೇರೆ ಪದವನ್ನು ಸೇರಿಸದೆ ಸಂಖ್ಯೆಯ ರೂಪವನ್ನೇ ಬದಲಿಸುತ್ತದೆ. ಕಲ್ಲು ಒಂದು, ಹಸು ಒಂದು; ಹುಡುಗ ಒಬ್ಬ, ಹುಡುಗಿ ಒಬ್ಬಳು, ಗುರುಗಳು ಒಬ್ಬರು. ಮರಗಳು ಎರಡಾದರೆ ಮಕ್ಕಳು ಇಬ್ಬರು. ಐದು ಎಂದರೆ ಬರಿಯ ಲೆಕ್ಕ. ಐವರು ಎಂದೊಡನೆ ಎದುರಿಗೆ ಜನರು ನಿಲ್ಲುತ್ತಾರೆ.

ಈ ಸಂಪತ್ತು ಸವೆಯುತ್ತಿರುವುದೂ ಎರಡು ಕಡೆಗಳಲ್ಲಿ ಕಾಣುತ್ತದೆ. ಕೊರಿಯನ್ನಿನಲ್ಲಿ ನೂರಕ್ಕೆ ‘ಒನ್’, ಸಾವಿರಕ್ಕೆ ‘ಜುಮುನ್’ ಎಂಬ ಅಚ್ಚ ಪದಗಳಿದ್ದವು. ಚೀನೀ ಮೂಲದ ಸಂಖ್ಯೆಗಳು ಬಂದು ಅವು ಬಳಕೆ ತಪ್ಪಿದವು. ದೇಶೀ ಎಣಿಕೆ ಈಗ ತೊಂಬತ್ತೊಂಬತ್ತಕ್ಕೆ ನಿಲ್ಲುತ್ತದೆ. ಹಳಗನ್ನಡದಲ್ಲಿ ಮನುಷ್ಯರ ಎಣಿಕೆ ಐವರಿಗೆ ನಿಲ್ಲದೆ ಅರುವರ್, ಎಣ್ಬರ್, ಪದಿಂಬರ್ ಎಂದು ಮುಂದುವರಿಯುತ್ತಿತ್ತು. ಇಂದಿನ ಮಾತಿನಲ್ಲಿ ಐವರ ನಂತರ ‘ಆರು ಜನ’, ‘ಏಳು ಮಂದಿ’ ಎಂಬುದೇ ರೂಢಿ. ಈಚೆಗೆ ಇಬ್ಬರು, ಮೂವರು ಎನ್ನಬೇಕಾದಲ್ಲಿಯೂ ‘ಎರಡು ಜನ’, ‘ಮೂರು ಜನ’ ಎಂಬ ಮಾತು ನಗರಗಳಲ್ಲಿ ಕೇಳಿಬರುತ್ತಿದೆ. ಅರುವರು ಹೋದ ದಾರಿಯಲ್ಲಿಯೇ ಇಬ್ಬರೂ ಹೋದರೆ, ವ್ಯಕ್ತಿಯನ್ನು ವಸ್ತುವಿನಿಂದ ಬೇರೆಯಾಗಿ ಎಣಿಸುವ ಕನ್ನಡದ ಒಂದು ವಿವೇಕವೇ ಮರೆಯಾದಂತೆ.

ಇಂದು ಕೊರಿಯನ್ ಭಾಷೆಯನ್ನು ಆಸಕ್ತಿಯಿಂದ ಕಲಿಯುವ ತರುಣರು ಬೆಂಗಳೂರಿನಲ್ಲಿದ್ದಾರೆ. ‘ಮ್ಯೊಂಗ್’ ಎಲ್ಲಿ, ‘ಬುನ್’ ಎಲ್ಲಿ ಎಂದು ಅವರು ಶ್ರಮವಹಿಸಿ ಅಭ್ಯಾಸ ಮಾಡುತ್ತಾರೆ. ಅದೇ ಎಚ್ಚರದಿಂದ ತಮ್ಮ ಮನೆಯ ಮಾತನ್ನು ಗಮನಿಸಿದರೆ, ಶ್ರಮವಿಲ್ಲದೆ ದೊರೆತ ‘ಒಬ್ಬರು’, ‘ಇಬ್ಬರು’ ಎಂಬ ಪದಗಳ ಬೆಲೆ ಅವರಿಗೆ ತಿಳಿಯದಿರದು. ಪರಭಾಷೆಯನ್ನು ಕಲಿತವನಿಗೆ ಸ್ವಭಾಷೆಯ ಸೊಗಸು ತಿಳಿಯುವುದು ಇಂತಹ ಸಣ್ಣ ಪದಗಳಲ್ಲಿಯೇ.