ವೇಗದ ಕಾರಿಗೆ ಯಾವ ಎಣ್ಣೆ?

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದ ಹಿರಿಯರು ರಾಯದುರ್ಗ, ಮಡಕಶಿರಾ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲೆಸಿ ಹಚ್ಚಿದರೆ ಚಕ್ರದ ಕಿರುಗುಟ್ಟುವಿಕೆ ನಿಲ್ಲುತ್ತಿತ್ತು, ಅಚ್ಚು ಸವೆಯುತ್ತಿರಲಿಲ್ಲ, ಎತ್ತುಗಳಿಗೂ ಭಾರ ಹಗುರವೆನಿಸುತ್ತಿತ್ತು. ಶೇಂಗಾ ಹೊಲದ ನಡುವೆ, ಬದುವಿನ ಅಂಚಿನಲ್ಲಿ ಬೆಳೆಯುವ ಅದೇ ಹರಳಿನ ಗಿಡದ ಎಣ್ಣೆ ಒಂದು ಕಾಲಕ್ಕೆ ಯುರೋಪಿನ ಓಟದ ಕಾರುಗಳ ಎಂಜಿನುಗಳನ್ನೂ ಕಾಪಾಡುತ್ತಿತ್ತೆಂಬುದು ಶಾಲೆಯ ಮಕ್ಕಳಿಗೆ ಕತೆಯಂತೆ ಕೇಳಿಸಬಹುದು. ಅದು ಕತೆಯಲ್ಲ.

ಲಂಡನ್ನಿನ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಎಣ್ಣೆಯ ವ್ಯಾಪಾರ ಆರಂಭಿಸಿದವನು. 1909ರಲ್ಲಿ ಮೋಟಾರು ಎಂಜಿನುಗಳಿಗಾಗಿ ಹರಳೆಣ್ಣೆ ಬೆರೆಸಿದ ಹೊಸ ಎಣ್ಣೆಯನ್ನು ತಂದು, ಹರಳಿಗೆ ಇಂಗ್ಲಿಷಿನಲ್ಲಿರುವ ‘ಕ್ಯಾಸ್ಟರ್’ ಎಂಬ ಹೆಸರಿನಿಂದಲೇ ಅದಕ್ಕೆ ‘ಕ್ಯಾಸ್ಟ್ರಾಲ್’ ಎಂದು ಹೆಸರಿಟ್ಟ. ಮೊದಲ ಮಹಾಯುದ್ಧದ ವಿಮಾನಗಳಲ್ಲಿದ್ದ, ಇಡಿಯಾಗಿ ಗರಗರ ತಿರುಗುವ ಎಂಜಿನುಗಳಿಗೂ ಹರಳೆಣ್ಣೆಯೇ ಬೇಕಾಯಿತು. ಪೆಟ್ರೋಲಿನಲ್ಲಿ ಅದು ಸುಲಭವಾಗಿ ಕರಗದು, ಬಿಸಿಯಲ್ಲೂ ಲೋಹಕ್ಕೆ ಅಂಟಿಕೊಂಡಿರುತ್ತದೆ. ಆದರೆ ಅದರ ದೋಷವೂ ಅಷ್ಟೇ ದೊಡ್ಡದು. ಕೆಲಕಾಲ ಬಳಸಿದ ಮೇಲೆ ಅದು ಗಟ್ಟಿಯಾಗಿ ಅಂಟಿನಂತೆ ಎಂಜಿನಿನ ಒಳಗೆಲ್ಲ ಹಿಡಿದುಕೊಳ್ಳುತ್ತದೆ. ಒಂದು ಪಂದ್ಯಕ್ಕೆ ಅಮೃತವಾದದ್ದು ದಿನಬಳಕೆಗೆ ಒಗ್ಗಲಿಲ್ಲ. ಒಂದೇ ಎಣ್ಣೆ ಒಂದೆಡೆ ಅತ್ಯುತ್ತಮವಾಗಿ ಇನ್ನೊಂದೆಡೆ ಹಾನಿಕರವಾಗಬಲ್ಲದೆಂಬ ಈ ಪಾಠ ಇಂದಿನ ವೇಗದ ಕಾರಿಗೂ ಹಾಗೆಯೇ ಅನ್ವಯಿಸುತ್ತದೆ.

ಹಾಗಾದರೆ ವೇಗದ ಕಾರಿನ ಡಬ್ಬಿಯನ್ನು ಆರಿಸುವುದು ಹೇಗೆ? ದುಬಾರಿಯಾದುದು ಒಳ್ಳೆಯದು, ದಪ್ಪನಾದುದು ಬಲವಾದುದು ಎಂಬ ಎರಡು ನಂಬಿಕೆಗಳು ಗ್ಯಾರೇಜುಗಳಲ್ಲಿ ಬೇರೂರಿವೆ. ಎರಡೂ ಅರ್ಧಸತ್ಯಗಳು.

ಡಬ್ಬಿಯ ಮೇಲೆ ‘5ಡಬ್ಲ್ಯು-30’ ಎಂಬಂಥ ಗುರುತು ಇರುತ್ತದೆ. ವಿಜ್ಞಾನದ ಪಾಠದಲ್ಲಿ ಮಕ್ಕಳು ಓದುವ ‘ಸ್ನಿಗ್ಧತೆ’ ಎಂಬ ಮಾತಿನ ಲೆಕ್ಕವೇ ಇದು. ಬೆಲ್ಲದ ಪಾಕ ಒಲೆಯ ಮೇಲಿರುವಾಗ ನೀರಾಗಿ, ಆರಿದಾಗ ದಪ್ಪಗಾಗುವಂತೆ ಎಣ್ಣೆಯೂ ಬಿಸಿಗೆ ತೆಳುವಾಗುತ್ತದೆ. ‘ಡಬ್ಲ್ಯು’ ಎಂಬುದು ಚಳಿಗಾಲವನ್ನು ಸೂಚಿಸುವ ಇಂಗ್ಲಿಷ್ ಪದದ ಮೊದಲಕ್ಷರ. ಅದರ ಹಿಂದಿನ ಅಂಕಿ ಕಿರಿದಾದಷ್ಟೂ ತಣ್ಣಗಿರುವ ಎಂಜಿನನ್ನು ಚಾಲೂ ಮಾಡಿದಾಗ ಎಣ್ಣೆ ಬೇಗ ಹರಿಯುತ್ತದೆ. ಮುಂದಿನ ಅಂಕಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಣ್ಣೆ ಎಷ್ಟು ದಪ್ಪವಾಗಿ ಉಳಿಯುತ್ತದೆಂಬುದನ್ನು ಹೇಳುತ್ತದೆ; 20 ತೆಳು, 60 ಬಹಳ ದಪ್ಪ.

‘ಇದು ಬಿಸಿಲ ಸೀಮೆ, ಆದುದರಿಂದ ದಪ್ಪ ಎಣ್ಣೆಯೇ ಬೇಕು’ ಎಂಬ ವಾದ ಕೇಳಲು ಸರಿಯೆನಿಸುತ್ತದೆ. ಆದರೆ ನೀರಿನಿಂದ ತಂಪುಗೊಳ್ಳುವ ಕಾರಿನ ಎಂಜಿನು ತನ್ನ ಬಿಸಿಯನ್ನು ತಾನೇ ಹದದಲ್ಲಿಟ್ಟುಕೊಳ್ಳುತ್ತದೆ. ಹೊರಗೆ ರಾಯದುರ್ಗದ ಏಪ್ರಿಲ್ ಬಿಸಿಲಿರಲಿ, ಮಡಕಶಿರಾದ ಡಿಸೆಂಬರ್ ಚಳಿಯಿರಲಿ, ಸಾಮಾನ್ಯ ಓಟದಲ್ಲಿ ಒಳಗಿನ ಎಣ್ಣೆ ಹೆಚ್ಚುಕಡಿಮೆ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಎಣ್ಣೆಯ ದಪ್ಪವನ್ನು ಮುಖ್ಯವಾಗಿ ನಿರ್ಧರಿಸುವುದು ಊರಿನ ಬಿಸಿಲಲ್ಲ, ಎಂಜಿನನ್ನು ರೂಪಿಸಿದವರು ಅದರ ಬೇರಿಂಗುಗಳ ನಡುವೆ ಬಿಟ್ಟಿರುವ, ಕೂದಲೆಳೆಗಿಂತ ತೆಳುವಾದ ಸಂದು. ದಪ್ಪ ಎಣ್ಣೆ ಆ ಸಂದಿನೊಳಗೆ ತಡವಾಗಿ ಇಳಿದರೆ, ಬೆಳಿಗ್ಗೆ ಚಾಲೂ ಮಾಡಿದ ಮೊದಲ ಕ್ಷಣಗಳಲ್ಲೇ ಲೋಹಕ್ಕೆ ಲೋಹ ತಾಗುತ್ತದೆ.

ಇದಕ್ಕೆ ಎರಡು ಕ್ರೀಡಾ ಕಾರುಗಳೇ ಸಾಕ್ಷಿ. ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆ 2000ರ ಸುಮಾರಿಗೆ ತಂದ ಎಂ3 ಕಾರಿನ ಎಂಜಿನು ನಿಮಿಷಕ್ಕೆ 8,000 ಸುತ್ತು ತಿರುಗಬಲ್ಲದು. ಅದಕ್ಕೆ ಸೂಚಿಸಿದ್ದು 10ಡಬ್ಲ್ಯು-60, ಎಂದರೆ ಬಹಳ ದಪ್ಪ ಎಣ್ಣೆ. 2012ರಲ್ಲಿ ಬಂದ ಜಪಾನಿನ ಟೊಯೊಟಾ 86 ಕೂಡ ಕ್ರೀಡಾ ಕಾರೇ, ಅದೂ 7,000 ಸುತ್ತು ದಾಟುತ್ತದೆ; ಅದಕ್ಕೆ ಸೂಚಿಸಿದ್ದು 0ಡಬ್ಲ್ಯು-20, ತೀರ ತೆಳುವಾದದ್ದು. ಒಂದರ ಎಣ್ಣೆಯನ್ನು ಇನ್ನೊಂದಕ್ಕೆ ಹಾಕಿದರೆ ಎಷ್ಟು ಬೆಲೆ ತೆತ್ತಿದ್ದರೂ ಅದು ತಪ್ಪು ಎಣ್ಣೆಯೇ. ಕಾರಿನೊಡನೆ ಬರುವ ಕೈಪಿಡಿಯ ಆ ಒಂದು ಪುಟವನ್ನು ಓದದೆ ಅಂಗಡಿಗೆ ಹೋಗುವುದು ಚೀಟಿಯಿಲ್ಲದೆ ಔಷಧಿ ಕೊಳ್ಳುವುದಕ್ಕೆ ಸಮ.

ಪಂದ್ಯದ ಪಥದಲ್ಲಿ ಕಾರನ್ನು ಬಿಡುವಿಲ್ಲದೆ ಓಡಿಸುವವರ ಮಾತು ಬೇರೆ. ಅಲ್ಲಿ ಎಣ್ಣೆಯ ಬಿಸಿ 120 ಡಿಗ್ರಿಯನ್ನೂ ಮೀರಬಹುದು. ಆದುದರಿಂದ 150 ಡಿಗ್ರಿಯಲ್ಲಿ, ತೀವ್ರ ಒತ್ತಡದ ನಡುವೆ ಎಣ್ಣೆಯ ಪದರ ಎಷ್ಟು ಉಳಿಯುತ್ತದೆಂಬ ಇನ್ನೊಂದು ಪರೀಕ್ಷೆಯುಂಟು. ಯುರೋಪಿನ ಕಾರು ತಯಾರಕರ ಸಂಘದ ‘ಎ3/ಬಿ4’ ಗುರುತು ಪಡೆಯಲು ಆ ಅಳತೆ ಕನಿಷ್ಠ 3.5 ಇರಬೇಕು. ಆಗಲೂ ಕೈಪಿಡಿ ಒಪ್ಪಿದ ದಪ್ಪದೊಳಗೇ ಆಯ್ಕೆ ನಡೆಯಬೇಕು.

ಕ್ರೀಡಾ ಕಾರು ಯಾರ ಮನೆಯಲ್ಲಿದೆ ಎಂದು ಓದುಗರು ನಗಬಹುದು. ಆದರೆ ಕ್ರೀಡಾ ಕಾರಿನ ತಂತ್ರ ಮನೆಯ ಬಾಗಿಲಿಗೇ ಬಂದಿದೆ. ಮಡಕಶಿರಾದವರಿಗೆ ದೂರವಲ್ಲದ ಪೆನುಕೊಂಡ ಬಳಿಯ ಎರ್ರಮಂಚಿಯಲ್ಲಿ ಕಿಯಾ ಕಾರ್ಖಾನೆ ಇದೆ. 2019ರಲ್ಲಿ ಅಲ್ಲಿಂದ ಹೊರಬಂದ ಸೆಲ್ಟೋಸ್ ಕಾರಿನ ಒಂದು ಮಾದರಿಯಲ್ಲಿ 1.4 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನಿತ್ತು. 2023ರಲ್ಲಿ ಬಂದ 1.5 ಲೀಟರಿನ ಟರ್ಬೊ 160 ಅಶ್ವಶಕ್ತಿ ಕೊಡುತ್ತದೆ. ಟರ್ಬೊ ಎಂದರೆ ಹೊಗೆಯ ರಭಸದಿಂದ ತಿರುಗಿ, ಎಂಜಿನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಪುಟ್ಟ ಚಕ್ರ. ಅದು ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುವುದುಂಟು. ಅದರ ಅಚ್ಚನ್ನು ಹೊತ್ತಿರುವುದು ಎಣ್ಣೆಯ ತೆಳು ಪದರ. ಹೆದ್ದಾರಿಯಲ್ಲಿ ವೇಗವಾಗಿ ಬಂದು ಒಮ್ಮೆಗೇ ಎಂಜಿನ್ ನಿಲ್ಲಿಸಿದರೆ ಆ ಎಣ್ಣೆ ಹರಿಯದೆ ನಿಂತಲ್ಲೇ ಸೀದು ಕರಿಯಾಗುತ್ತದೆ. ಊರು ಹತ್ತಿರವಾಗುತ್ತಲೇ ನಿಧಾನಿಸಿ, ಅರ್ಧ ನಿಮಿಷ ಸುಮ್ಮನೆ ಚಾಲೂ ಇಟ್ಟು ಆಮೇಲೆ ನಿಲ್ಲಿಸುವ ಅಭ್ಯಾಸಕ್ಕೆ ಖರ್ಚೇನೂ ಇಲ್ಲ.

ಇಂಥ ಎಂಜಿನುಗಳಿಗೆ ಇನ್ನೊಂದು ಅಪಾಯವುಂಟು. ಏರುದಾರಿಯಲ್ಲಿ ಗೇರು ಇಳಿಸದೆ ಎಕ್ಸಲರೇಟರ್ ಒತ್ತಿದಾಗ, ಪೆಟ್ರೋಲಿನೊಡನೆ ಬೆರೆತ ಎಣ್ಣೆಯ ಹನಿಗಳು ಕಿಡಿ ಬೀಳುವ ಮೊದಲೇ ಹೊತ್ತಿಕೊಂಡು ಪಿಸ್ಟನ್ನನ್ನೇ ಒಡೆಯಬಲ್ಲವು. ಎಣ್ಣೆಯಲ್ಲಿ ಕ್ಯಾಲ್ಸಿಯಂ ಅಂಶ ಹೆಚ್ಚಿದ್ದರೆ ಈ ತೊಂದರೆ ಹೆಚ್ಚು. ಇದನ್ನು ತಡೆಯುವ ಪರೀಕ್ಷೆಯನ್ನು ಒಳಗೊಂಡ ‘ಎಪಿಐ ಎಸ್‌ಪಿ’ ದರ್ಜೆ ಜಾರಿಗೆ ಬಂದದ್ದು 2020ರ ಮೇ ತಿಂಗಳಲ್ಲಿ. ಅದರ ಮುಂದಿನ ‘ಎಸ್‌ಕ್ಯೂ’ 2025ರಲ್ಲಿ. ಹಳೆಯ ‘ಎಸ್‌ಎಲ್’ ದರ್ಜೆಯ ಎಣ್ಣೆ ಅಗ್ಗವೆಂದು ಟರ್ಬೊ ಕಾರಿಗೆ ಸುರಿಯುವುದು ಉಳಿತಾಯವಲ್ಲ. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿರುವ ‘ಸಿಂಥೆಟಿಕ್’ ಎಂಬ ಹೆಸರನ್ನು ಮಾತ್ರ ಓದುವವರೇ ಹೆಚ್ಚು. ಬಿಸಿಯನ್ನು ಹೆಚ್ಚು ಕಾಲ ತಾಳುವ ಗುಣ ಅದಕ್ಕುಂಟು, ನಿಜ. ಆದರೆ ಕೆಳಗೆ ಸಣ್ಣಕ್ಷರದಲ್ಲಿರುವ ಅಂಕಿಯೂ ದರ್ಜೆಯೂ ಹೊಂದದಿದ್ದರೆ ಆ ದೊಡ್ಡಕ್ಷರದಿಂದ ಪ್ರಯೋಜನವಿಲ್ಲ.

ಬಿಸಿಲಿಗಿಂತ ಈ ಸೀಮೆಯ ಎಂಜಿನುಗಳ ನಿಜವಾದ ವೈರಿ ಧೂಳು. ಹಗರಿ ನದಿಯ ಮರಳು ಗಾಳಿಗೆದ್ದು ಬೊಮ್ಮನಹಾಳು, ಕಣೇಕಲ್ಲು ಕಡೆಯ ಹೊಲಗಳ ಮೇಲೆ ದಿಬ್ಬವಾಗಿ ಕೂರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಳಿ ಸೋಸುವ ಫಿಲ್ಟರು ಹರಿದಿದ್ದರೆ ಆ ಮರಳು ಎಣ್ಣೆಗೆ ಸೇರಿ ಉಪ್ಪುಕಾಗದದಂತೆ ಲೋಹವನ್ನು ಉಜ್ಜುತ್ತದೆ. ಕೈಪಿಡಿಗಳಲ್ಲಿ ‘ಕಠಿಣ ಬಳಕೆ’ಗೆಂದು ಬೇರೆ ಅವಧಿ ಕೊಟ್ಟಿರುತ್ತಾರೆ, ಧೂಳಿನ ದಾರಿ ಆ ಲೆಕ್ಕಕ್ಕೇ ಸೇರುತ್ತದೆ. ಅಲ್ಲಿ ಎಣ್ಣೆಯನ್ನು ಬೇಗ ಬದಲಿಸಬೇಕು. ಫಿಲ್ಟರನ್ನು ಅದಕ್ಕಿಂತ ಹೆಚ್ಚು ಸಲ ನೋಡಬೇಕು.

ಇನ್ನು ಮಕ್ಕಳನ್ನು ಶಾಲೆಗೆ ಬಿಡುವ ಬೈಕಿನ ಮಾತು. ಕಾರಿಗೆ ತಂದ ಒಳ್ಳೆಯ ಎಣ್ಣೆ ಉಳಿದಿದೆಯೆಂದು ಅದನ್ನು ಬೈಕಿಗೆ ಹಾಕುವವರಿದ್ದಾರೆ. ಕಾರಿನಲ್ಲಿ ಕ್ಲಚ್ಚು ಹೊರಗಿದ್ದು ಒಣಗಿರುತ್ತದೆ, ಬೈಕಿನಲ್ಲಿ ಸಾಮಾನ್ಯವಾಗಿ ಎಣ್ಣೆಯಲ್ಲೇ ಮುಳುಗಿರುತ್ತದೆ. ಜಾರಿಕೆ ಹೆಚ್ಚಿಸುವ ಅಂಶಗಳಿರುವ ಕಾರಿನ ಎಣ್ಣೆ ಬಿದ್ದರೆ ಆ ಕ್ಲಚ್ಚು ಹಿಡಿತ ಕಳೆದುಕೊಳ್ಳುತ್ತದೆ; ಎಂಜಿನು ಕೂಗುತ್ತದೆ, ಬೈಕು ಮುಂದೆ ಹೋಗದು. ಗೇರಿನ ಬೈಕಿಗೆ ‘ಜಾಸೊ ಎಂಎ’ ಅಥವಾ ‘ಎಂಎ2’ ಗುರುತಿನದೇ ಬೇಕು. ಗೇರಿಲ್ಲದ ಸ್ಕೂಟರಿಗೆ ‘ಎಂಬಿ’ ಸಾಮಾನ್ಯ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮನೆಗಳಲ್ಲಿ ಹೊಲಿಗೆ ಯಂತ್ರದ ತಿಳಿಯೆಣ್ಣೆಯನ್ನು ಬೈಕಿಗೆ ಯಾರೂ ಹಾಕುವುದಿಲ್ಲ. ಅಷ್ಟೇ ಎಚ್ಚರ ಇಲ್ಲಿಯೂ ಸಾಕು.

ಕೊಳ್ಳುವಾಗ ಮುಚ್ಚಳದ ಮುದ್ರೆ ಒಡೆಯದ ಡಬ್ಬಿಯನ್ನೇ ಕೇಳಬೇಕು, ಖಾಲಿ ಡಬ್ಬಿಗೆ ತೂತು ಮಾಡಿಯೇ ಎಸೆಯಬೇಕು. ಇಲ್ಲದಿದ್ದರೆ ಅದೇ ಡಬ್ಬಿ ಕಲಬೆರಕೆ ಎಣ್ಣೆ ತುಂಬಿಕೊಂಡು ಮರಳಿ ಬರುತ್ತದೆ. ಹೊರತೆಗೆದ ಕಪ್ಪು ಎಣ್ಣೆಯಲ್ಲಿ ಕ್ಯಾನ್ಸರ್ ತರುವ ವಸ್ತುಗಳಿರುತ್ತವೆ. ಅದನ್ನು ಗೆದ್ದಲಿಗೆಂದು ಮರಕ್ಕೆ ಬಳಿಯುವುದು, ಹಿತ್ತಿಲ ಚರಂಡಿಗೆ ಸುರಿಯುವುದು ಕೊಳವೆಬಾವಿಯನ್ನೇ ನಂಬಿರುವ ಊರುಗಳಿಗೆ ತಕ್ಕುದಲ್ಲ. ಮುಚ್ಚಿದ ಕ್ಯಾನಿನಲ್ಲಿ ಹಿಡಿದಿಟ್ಟು, ಹಳೆಯ ಎಣ್ಣೆ ಸಂಗ್ರಹಿಸಿ ಶುದ್ಧೀಕರಣಕ್ಕೆ ಕಳಿಸುವ ಗ್ಯಾರೇಜಿಗೇ ಕೊಡಬೇಕು, ಕೈಯನ್ನು ಸೋಪು ಹಚ್ಚಿ ತೊಳೆದ ಮೇಲೆಯೇ ಊಟಕ್ಕೆ ಕೂರಬೇಕು.