ಆನ್‌ಲೈನ್ ಪರೀಕ್ಷೆ ಬರೆದರೆ ದೂರಶಿಕ್ಷಣದ ಡಿಗ್ರಿಗೆ ಬೆಲೆಯಿಲ್ಲವೇ?

‘ಮನೆಯಲ್ಲೇ ಕೂತು ಆನ್‌ಲೈನ್ ಪರೀಕ್ಷೆ ಬರೆದ ಡಿಗ್ರಿ ಕೆಲಸಕ್ಕೆ ಬರಲ್ಲ’ ಎಂಬ ಮಾತು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ನಂಬುವ ಮೊದಲು ನಿಯಮ ನೋಡೋಣ.

ಯುಜಿಸಿಯ 2020ರ ನಿಯಮಾವಳಿಯ ಪ್ರಕಾರ, ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ. 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ ಇದನ್ನು ಮತ್ತೆ ಸ್ಪಷ್ಟಪಡಿಸಿದೆ.

ಹಾಗಾದರೆ ವಿದ್ಯಾರ್ಥಿಗಳಿಗೆ ಹಿಂಜರಿಕೆ ಏಕೆ? ಹೊಸ ತಂತ್ರಜ್ಞಾನವನ್ನು ನಾವು ಒಪ್ಪಲು ಎರಡು ನಂಬಿಕೆಗಳು ಮುಖ್ಯ ಎಂದು 1989ರಲ್ಲಿ ಫ್ರೆಡ್ ಡೇವಿಸ್ ವಿವರಿಸಿದರು: ಅದು ಉಪಯುಕ್ತ, ಅದು ಸುಲಭ. ಬಸ್ ಖರ್ಚು, ಕೆಲಸದ ರಜೆ ಉಳಿಯುವುದು ಉಪಯೋಗವೇ. ಆದರೆ ನಡುವೆ ಕರೆಂಟ್ ಹೋದರೆ, ನೆಟ್‌ವರ್ಕ್ ಕೈಕೊಟ್ಟರೆ, ಕ್ಯಾಮೆರಾ ನಮ್ಮನ್ನೇ ನೋಡುತ್ತಿದ್ದರೆ ‘ಸುಲಭ’ ಎನಿಸುವುದಿಲ್ಲ. ಇದು ಸೋಮಾರಿತನವಲ್ಲ, ನಿಜವಾದ ಆತಂಕ. ಅಣಕು ಪರೀಕ್ಷೆ ಬರೆದು ನೋಡಿ. ಸಂಪರ್ಕ ಕಡಿದರೆ ಏನು ವ್ಯವಸ್ಥೆ ಎಂದು ಮೊದಲೇ ಕೇಳಿ.

ನಿಜವಾದ ಅಪಾಯ ಬೇರೆಡೆ ಇದೆ. ಮಾನ್ಯತೆಯಿಲ್ಲದ ಕೋರ್ಸಿಗೆ ಸೇರಿದರೆ ಹಣವೂ ವರ್ಷಗಳೂ ಹೋಗುತ್ತವೆ. ಶುಲ್ಕ ಕಟ್ಟುವ ಮುನ್ನ ಯುಜಿಸಿಯ ದೂರಶಿಕ್ಷಣ ಬ್ಯೂರೋ ಜಾಲತಾಣದಲ್ಲಿ ವಿಶ್ವವಿದ್ಯಾಲಯ, ಕೋರ್ಸ್, ವರ್ಷ ಮೂರನ್ನೂ ನೋಡಿ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.